ಗೂಗಲ್ ಯೂನಿಟ್ ಕನ್ವರ್ಟರ್: ಐದು ವರ್ಷ ದಿನಾ ಬಳಸಿದ ಮೇಲೆ

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಮನೆಗಳಿಗೆ ಇಂಟರ್ನೆಟ್ಟಿನ ಫೈಬರ್ ಎಳೆಯುವುದು ನನ್ನ ಕೆಲಸ. ತೋಟದ ನಡುವೆ ಕೇಬಲ್ ಎಳೆದು, ಮೋಡೆಮ್ ಕೂರಿಸಿ, ವೈಫೈ ಪಾಸ್‌ವರ್ಡ್ ಬರೆದು ಕೊಟ್ಟು ಬರುತ್ತೇನೆ. ಮರುದಿನ ಫೋನ್ ಬರುತ್ತದೆ. "ನೀವು ಹೇಳಿದ್ದು ನೂರು ಎಂಬಿ ಅಲ್ವಾ? ಇಲ್ಲಿ ಹನ್ನೊಂದೇ ಬರುವುದು." ಈ ಮಾತು ಕೇಳದ ವಾರವೇ ಇಲ್ಲ. ಇದಕ್ಕೆ ನಾನು ಬಳಸುವುದು ಗೂಗಲ್ ಸರ್ಚ್‌ನಲ್ಲೇ ಸಿಗುವ ಯೂನಿಟ್ ಕನ್ವರ್ಟರ್, ಅಂದರೆ ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸಿ ತೋರಿಸುವ ಸಾಧನ. ಬೇರೆ ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ, ದುಡ್ಡೂ ಇಲ್ಲ.

ಎಂಟರಿಂದ ಭಾಗಿಸಬೇಕು ಅಂತ ನನಗೆ ಗೊತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಲೈನಿನ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ ಹೇಳುತ್ತಾರೆ, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ಮೆಗಾಬೈಟ್‌ನಲ್ಲಿ ತೋರಿಸುತ್ತದೆ. ಆದರೆ ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಲೈನಿನವನು ಏನೋ ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಅನಿಸುತ್ತದೆ. ಸ್ಕ್ರೀನ್ ಮೇಲೆ ಎರಡು ಚೌಕ, ಒಂದರಲ್ಲಿ 100, ಇನ್ನೊಂದರಲ್ಲಿ 12.5, ಕೆಳಗೆ ಸೂತ್ರ. ಅದನ್ನು ನೋಡಿದರೆ ನಂಬುತ್ತಾರೆ. ನನ್ನ ಮಟ್ಟಿಗೆ ಇದರ ದೊಡ್ಡ ಉಪಯೋಗ ಇದೇ.

ನೀರ್ಚಾಲಿನಲ್ಲಿ ಒಬ್ಬರು ನಿವೃತ್ತ ಮಾಷ್ಟ್ರ ಮನೆ. ಯಕ್ಷಗಾನದ ವಿಡಿಯೋ ಇಳಿಸುತ್ತಿದ್ದರು, 11.6 ಅಂತ ತೋರಿಸುತ್ತಿತ್ತು. "ಇದು ನೂರರಲ್ಲಿ ಎಂಟನೇ ಒಂದು ಪಾಲು ಇರಬಹುದಷ್ಟೆ. ಉಳಿದ ಏಳು ಪಾಲು ಎಲ್ಲಿ?" ಅಂತ ಕೇಳಿದರು. ಫೋನ್ ತೆಗೆದು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು 100 ಅಳಿಸಿ 40 ಒತ್ತಿದರು, 5 ಬಂತು. 8 ಒತ್ತಿದರು, 1 ಬಂತು. ಸ್ವಲ್ಪ ಹೊತ್ತು ನೋಡಿ, "ಸೇರಲ್ಲಿ ಲೆಕ್ಕ ಹೇಳಿ ಮುಡಿಯಲ್ಲಿ ಅಳೆದು ಕೊಟ್ಟ ಹಾಗಾಯಿತು. 42 ಸೇರಿಗೆ ಒಂದು ಮುಡಿ, ಅಕ್ಕಿ ಕಡಿಮೆ ಆಗಲಿಲ್ಲ" ಅಂದರು. ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟುವ ಅಕ್ಕಿಯ ಕಟ್ಟು. ಆಮೇಲೆ ಎಷ್ಟೋ ಮನೆಯಲ್ಲಿ ನಾನು ಇದೇ ಮಾತು ಹೇಳಿದ್ದೇನೆ. ಮುಡಿ ಕಟ್ಟಿದ್ದನ್ನು ನೋಡಿದ ಹಿರಿಯರಿಗೆ ತಕ್ಷಣ ಅರ್ಥವಾಗುತ್ತದೆ.

ಹಾಗಾದರೆ 12.5 ಯಾಕಿಲ್ಲ, 11.6 ಯಾಕೆ? ಅದನ್ನು ಕನ್ವರ್ಟರ್ ಹೇಳುವುದಿಲ್ಲ, ಅದು ಬರೀ ಗಣಿತ ಮಾಡುತ್ತದೆ. ಡೇಟಾ ಹೋಗುವುದು ಸಣ್ಣ ಸಣ್ಣ ಕಟ್ಟುಗಳಾಗಿ. ಸಾಮಾನ್ಯ ಈಥರ್‌ನೆಟ್ ಲೈನಿನಲ್ಲಿ ಒಂದು ಕಟ್ಟು 1538 ಬೈಟ್‌ನಷ್ಟು ಜಾಗ ತೆಗೆದುಕೊಂಡರೆ ಅದರಲ್ಲಿ ನಮ್ಮ ಫೈಲಿನ ಭಾಗ ಸುಮಾರು 1460. ಉಳಿದದ್ದು ವಿಳಾಸ, ತಪಾಸಣೆ, ನಡುವಿನ ಖಾಲಿ ಜಾಗ. ಅಡಿಕೆ ತೂಗುವಾಗ ಗೋಣಿಯ ತೂಕ ಕಳೆಯುತ್ತೇವಲ್ಲ, ಹಾಗೆ. 12.5ರಲ್ಲಿ ಅದನ್ನು ಕಳೆದರೆ 11.9ರ ಹತ್ತಿರ ನಿಲ್ಲುತ್ತದೆ. 11ರ ಮೇಲೆ ಬಂದರೆ ಲೈನ್ ಸರಿ ಇದೆ ಅಂತಲೇ ನಾನು ಹೇಳುವುದು.

ಇದರಲ್ಲಿ ಎರಡು ವಿಭಾಗ ಇವೆ, ಸರಿಯಾದದ್ದನ್ನು ಆರಿಸಬೇಕು. ವೇಗಕ್ಕೆ ಡೇಟಾ ಟ್ರಾನ್ಸ್‌ಫರ್ ರೇಟ್, ಫೈಲ್ ಎಷ್ಟು ದೊಡ್ಡದು ಅನ್ನುವುದಕ್ಕೆ ಡಿಜಿಟಲ್ ಸ್ಟೋರೇಜ್. ಎರಡನೆಯದರ ಉಪಯೋಗ ನನಗೆ ಗೊತ್ತಾದದ್ದು ಪೆರ್ಲ ಕಡೆಯ ಒಂದು ಮನೆಯಲ್ಲಿ. ತಿಂಗಳಿಗೆ 1000 ಜಿಬಿಯ ಪ್ಲಾನ್. ತಿಂಗಳು ಮುಗಿಯುವ ಮೊದಲೇ ವೇಗ ಇಳಿಯಿತು. ರೂಟರ್ ನೋಡಿದರೆ ಬಳಸಿದ್ದು 931 ಜಿಬಿ ಅಂತ ಉಂಟು. ಕಂಪನಿಯ ಕಸ್ಟಮರ್ ಕೇರ್‌ಗೆ ನಾಲ್ಕು ದಿನ ಫೋನ್ ಮಾಡಿದೆವು. ಒಬ್ಬರು ರೂಟರ್ ಹಾಳಾಗಿದೆ ಅಂದರು, ಇನ್ನೊಬ್ಬರು ಸುಮ್ನೆ ಕಾಯಲು ಹೇಳಿದರು. ಕೊನೆಗೆ ನಾನೇ ಕನ್ವರ್ಟರ್‌ನಲ್ಲಿ 1000 ಗಿಗಾಬೈಟ್ ಹಾಕಿ ಪಕ್ಕದಲ್ಲಿ ಗಿಬಿಬೈಟ್ ಆರಿಸಿದೆ. 931.32 ಬಂತು. ಕಂಪನಿ ಸಾವಿರ ಎಂಬಿಗೆ ಒಂದು ಜಿಬಿ ಅಂತ ಸಾವಿರದ ಲೆಕ್ಕದಲ್ಲಿ ಎಣಿಸಿತ್ತು, ರೂಟರ್ 1024ಕ್ಕೆ ಒಂದು ಅಂತ 1024ರ ಲೆಕ್ಕದಲ್ಲಿ ಎಣಿಸಿ ಮೇಲೆ ಜಿಬಿ ಅಂತಲೇ ಬರೆದಿತ್ತು. ಈ ಗೊಂದಲ ಬೇಡ ಅಂತಲೇ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅನ್ನುವ ಬೇರೆ ಹೆಸರುಗಳನ್ನು ತಂದದ್ದು. ಹೆಚ್ಚಿನವರು ಬಳಸುವುದಿಲ್ಲ. ಕಿಲೋದಲ್ಲಿ ವ್ಯತ್ಯಾಸ 2.4 ಶೇಕಡಾ, ಗಿಗಾಕ್ಕೆ ಬರುವಾಗ 7 ಶೇಕಡಾ ದಾಟುತ್ತದೆ. ಒಂದು ಬೈಟೂ ಕಳೆದುಹೋಗದೆ ಆ ಮನೆಯವರು ನಾಲ್ಕು ದಿನ ಮೋಸ ಹೋದೆವು ಅಂತ ಕೊರಗಿದರು. ಅದು ನನಗೆ ಈಗಲೂ ಬೇಸರ.

ಬಳಸುವವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ ಬಿಟ್‌ಗೆ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ. ಅವಸರದಲ್ಲಿ ಟೈಪ್ ಮಾಡಿದರೆ ಉತ್ತರ ಎಂಟು ಪಟ್ಟು ಆಚೀಚೆ ಆಗುತ್ತದೆ. ಪಟ್ಟಿಯಿಂದ ಪೂರ್ತಿ ಹೆಸರು ನೋಡಿಯೇ ಆರಿಸಿ.

ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ ಇದರಲ್ಲಿ ನೇರವಾಗಿ ಸಿಗುವುದಿಲ್ಲ. ಮದುವೆ ವಿಡಿಯೋ ತೆಗೆಯುವ ಹುಡುಗರಿಗೆ ಬೇಕಾದದ್ದು ಅದೇ. 4 ಜಿಬಿ ಫೈಲ್, ಅಪ್‌ಲೋಡ್ ಸೆಕೆಂಡಿಗೆ 20 ಮೆಗಾಬಿಟ್. 20 ಅಂದರೆ 2.5 ಮೆಗಾಬೈಟ್ ಅಂತ ಇದರಲ್ಲಿ ನೋಡಿ, 4 ಜಿಬಿಯ 4000 ಮೆಗಾಬೈಟನ್ನು ಅದರಿಂದ ಭಾಗಿಸಬೇಕು. 1600 ಸೆಕೆಂಡ್, ಅಂದರೆ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಮೊಬೈಲಿನಲ್ಲಿ ದಿನದ ಡೇಟಾ ಮುಗಿದು ವೇಗ 64 ಕಿಲೋಬಿಟ್‌ಗೆ ಇಳಿದರೆ ಸೆಕೆಂಡಿಗೆ ಬರೀ 8 ಕಿಲೋಬೈಟ್. 2 ಎಂಬಿಯ ಒಂದು ಫೋಟೋ ಹೋಗಲು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಕು.

ಇನ್ನೊಂದು, ಇದಕ್ಕೆ ನೆಟ್ ಬೇಕು. ಮಳೆಗಾಲದಲ್ಲಿ ಕಂಗು, ಅಂದರೆ ಅಡಿಕೆ ಮರ, ಮುರಿದು ಲೈನಿನ ಮೇಲೆ ಬಿದ್ದಾಗ, ಗುಡ್ಡದ ಕೆಳಗಿನ ಮನೆಯಲ್ಲಿ ಮೊಬೈಲಿಗೂ ರೇಂಜ್ ಇಲ್ಲದಾಗ ಇದು ತೆರೆಯುವುದೇ ಇಲ್ಲ. ಹಾಗಾಗಿ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ 40ಕ್ಕೆ 5, 100ಕ್ಕೆ 12.5, 300ಕ್ಕೆ 37.5 ಅಂತ ಬರೆದು ಅಂಟಿಸಿದ್ದೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈಗ ರಸೀದಿಯಲ್ಲಿ ನಾನು "100 ಎಂಬಿ" ಅಂತ ಬರೆಯುವುದಿಲ್ಲ. "100 ಮೆಗಾಬಿಟ್, ಡೌನ್‌ಲೋಡಿನಲ್ಲಿ ಕಾಣುವುದು 11ರಿಂದ 12 ಮೆಗಾಬೈಟ್" ಅಂತ ಕನ್ನಡದಲ್ಲಿ ಬಿಡಿಸಿ ಬರೆದು, ಓದಿ ಹೇಳಿಯೇ ಸಹಿ ಹಾಕಿಸಿಕೊಳ್ಳುತ್ತೇನೆ.