ಡಿಸಿ ಕ್ಲ್ಯಾಂಪ್ ಮೀಟರ್: ಮೂರು ಮಳೆಗಾಲದ ಬಳಕೆಯ ನಂತರ

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ತೋಟದ ಜೀಪು ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಆಮೇಲೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಆ ಕೆಲಸಕ್ಕೆ, ವೈರನ್ನು ಬಾಯೊಳಗೆ ಹಿಡಿದು ಕರೆಂಟ್ ಅಳೆಯುವ ಈ ಕ್ಲ್ಯಾಂಪ್ ಮೀಟರ್ ನಿಜಕ್ಕೂ ಒಳ್ಳೆಯದು, ಆದರೆ ಸರಿಯಾದದ್ದನ್ನೇ ಕೊಳ್ಳಬೇಕು.

ಎಲೆಕ್ಟ್ರಿಷಿಯನ್ನರ ಕೈಯಲ್ಲಿರುವ ಸಾಮಾನ್ಯ ಕ್ಲ್ಯಾಂಪ್ ಎಸಿ ಕರೆಂಟ್ ಮಾತ್ರ ಅಳೆಯುತ್ತದೆ. ಇಲ್ಲಿ ಬೇಕಾದದ್ದು ಬ್ಯಾಟರಿಯ ಡಿಸಿ ಕರೆಂಟ್ ಅಳೆಯುವಂಥದ್ದು, ಅದೂ 1 ಮಿಲಿಆಂಪ್‌ನಷ್ಟು ಸಣ್ಣದನ್ನೂ ತೋರಿಸುವಂಥದ್ದು. ಕೀ ಆಫ್ ಮಾಡಿ ನಿಲ್ಲಿಸಿದಾಗ ಸರಿಯಿರುವ ಗಾಡಿಯೂ 20ರಿಂದ 50 ಮಿಲಿಆಂಪ್ ಎಳೆಯುತ್ತದೆ. 300 ಎಳೆದರೆ ದಿನಕ್ಕೆ 7.2 ಆಂಪ್-ಅವರ್ ಹೋಯಿತು. 45 ಆಂಪ್-ಅವರ್ ಬ್ಯಾಟರಿ ಮೂರೇ ದಿನಕ್ಕೆ ಅರ್ಧ ಖಾಲಿ.

ದೊಡ್ಡ ಲಾಭವೆಂದರೆ ಟರ್ಮಿನಲ್ ಬಿಚ್ಚಬೇಕಿಲ್ಲ. ಬಿಚ್ಚಿ ಮಲ್ಟಿಮೀಟರ್ ಸೇರಿಸಿದರೆ ಮಲಗಿದ್ದ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳೆಲ್ಲ ಎಚ್ಚರಾಗುತ್ತವೆ, ತಪ್ಪಿ ಕೀ ಆನ್ ಮಾಡಿದರೆ ಮೀಟರಿನ 10 ಆಂಪ್ ಫ್ಯೂಸೂ ಹೋಗುತ್ತದೆ. ಕ್ಲ್ಯಾಂಪಾದರೆ ನೆಗೆಟಿವ್ ಟರ್ಮಿನಲ್ಲಿನ ಎಲ್ಲ ವೈರುಗಳನ್ನೂ ಒಟ್ಟಿಗೆ ಬಾಯೊಳಗೆ ಹಿಡಿಯಿರಿ. ತೆರೆದ ಬಾನೆಟ್ಟಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿಸಿ, ಗಾಡಿ ಲಾಕ್ ಮಾಡಿ, ಕೀಯನ್ನು ದೂರವಿಟ್ಟು, ಮಾಡ್ಯೂಲ್‌ಗಳು ಮತ್ತೆ ಮಲಗುವಂತೆ 30–40 ನಿಮಿಷ ಕಾಯಿರಿ.

ಕಾಟ ಕೊಡುವುದು ಜೀರೋ, ಅಂದರೆ ಅಳೆಯುವ ಮೊದಲು ಮೀಟರನ್ನು ಸೊನ್ನೆಗೆ ತರುವುದು. ಒಳಗಿನ, ಕಾಂತಕ್ಷೇತ್ರವನ್ನು ಗುರುತಿಸುವ ಹಾಲ್ ಸೆನ್ಸರಿಗೆ ಭೂಮಿಯ ಕಾಂತಕ್ಷೇತ್ರವೂ ತಾಗುತ್ತದೆ. ಮೀಟರಿನ ದಿಕ್ಕು ಬದಲಾದರೆ ರೀಡಿಂಗೂ ಜರುಗುತ್ತದೆ. ವೈರಿನ ಪಕ್ಕದಲ್ಲೇ, ಹಿಡಿಯುವ ದಿಕ್ಕಿನಲ್ಲೇ ಜೀರೋ ಒತ್ತಿ, ಆಮೇಲೆ ವೈರ್ ಹಿಡಿಯಿರಿ. ತೆಗೆದಾಗ ಸೊನ್ನೆಗೆ ಮರಳದಿದ್ದರೆ ಆ ಅಳತೆ ಲೆಕ್ಕಕ್ಕಿಲ್ಲ. ಕಾಯುವ ಹೊತ್ತಿನಲ್ಲಿ ಆಟೋ ಆಫ್ ಆಗುವುದು ಇನ್ನೊಂದು ಕಿರಿಕಿರಿ.

ಯಾವ ಲೈನ್ ಎಂದು ತಿಳಿಯಲು ಫ್ಯೂಸ್ ಕೀಳಬೇಡಿ. ಅದರ ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ನೋಡಿ. 10 ಆಂಪ್ ಮಿನಿ ಫ್ಯೂಸಿನಲ್ಲಿ 0.1 ಮಿಲಿವೋಲ್ಟ್ ಅಂದರೆ ಸುಮಾರು 13 ಮಿಲಿಆಂಪ್. ಇದಕ್ಕೆ ಬೇರೆ ಮಲ್ಟಿಮೀಟರೇ ಬೇಕಾದೀತು. ಅನೇಕ ಕ್ಲ್ಯಾಂಪ್‌ಗಳಲ್ಲಿ ಅಷ್ಟು ಸೂಕ್ಷ್ಮ ರೇಂಜ್ ಇರುವುದಿಲ್ಲ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಜಿಪಿಎಸ್, ಆರದ ಡಿಕ್ಕಿ ಲೈಟುಗಳನ್ನು ಮೊದಲು ನೋಡಿ. ಎಲ್ಲ ಫ್ಯೂಸೂ ಸೊನ್ನೆ, ಕ್ಲ್ಯಾಂಪ್ ಮಾತ್ರ ಕರೆಂಟ್ ತೋರಿಸುತ್ತಿದೆಯೇ? ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದಪ್ಪ ವೈರನ್ನು ಹಿಡಿಯಿರಿ, ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡ್ ಹೋಗಿರಬಹುದು.

ಒಂದನ್ನು ಮಾತ್ರ ಈ ಮೀಟರ್ ಹಿಡಿಯಲಾರದು: ಬ್ಯಾಟರಿಯ ತಲೆಯ ಮೇಲಿನ ಒದ್ದೆ ಧೂಳು. ಆ ಸೋರಿಕೆ ಟರ್ಮಿನಲ್ಲಿಂದ ಟರ್ಮಿನಲ್ಲಿಗೇ ಹರಿಯುತ್ತದೆ, ವೈರಿಗೆ ಬರುವುದೇ ಇಲ್ಲ. ಮಲ್ಟಿಮೀಟರನ್ನು ವೋಲ್ಟಿಗಿಟ್ಟು ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ, ಕೆಂಪನ್ನು ಪ್ಲಾಸ್ಟಿಕ್ ಮೇಲೆ ಎಳೆಯಿರಿ. ವೋಲ್ಟ್ ತೋರಿಸಿದರೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಸೆಲ್ಲಿನೊಳಗೆ ಹನಿ ಇಳಿಯದಂತೆ ಒರೆಸಿ ಒಣಗಿಸಿ.