ನಗೋಯಾದ ಬಿಸಿನೆಸ್ ಹೋಟೆಲುಗಳು: ತೊಯೊಕೊ ಇನ್, ಡಾರ್ಮಿ ಇನ್ ಮತ್ತು ಅಪಾ

ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ, ಅದರ ಸುತ್ತ ಬೆಳೆದ ಬಿಡಿಭಾಗಗಳ ಕಂಪನಿಗಳೂ ಸೇರಿದಂತೆ, ತರಬೇತಿಗೋ ತಪಾಸಣೆಗೋ ಜಪಾನಿನ ಐಚಿ ಪ್ರಾಂತಕ್ಕೆ ಹೋಗಿಬರುವ ಕನ್ನಡಿಗರು ಇದ್ದೇ ಇದ್ದಾರೆ. ಅವರಲ್ಲಿ ಅನೇಕರು ತಂಗುವುದು ನಗೋಯಾದಲ್ಲಿ. ಅದೇ ಬಗೆಯ ಕೆಲಸಕ್ಕೆಂದು ಹೋದಾಗಲೆಲ್ಲ ನಾನು ಬೇರೆ ಬೇರೆ ಹೋಟೆಲುಗಳಲ್ಲಿ ಉಳಿದು ನೋಡಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತರ ಸುಮಾರಿಗೆ ಮರಳುವ, ಒಬ್ಬರೇ ಇರುವ, ಅದರಲ್ಲೂ ಸಸ್ಯಾಹಾರಿಗಳಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಹೋಟೆಲ್ ಸರಣಿಯ ಹೆಸರನ್ನು ನೋಡುವ ಮೊದಲು ರೈಲಿನ ನಕ್ಷೆಯನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲಸ ಟೊಯೋಟಾ ನಗರದಲ್ಲಿದ್ದರೆ ಫುಶಿಮಿ ನಿಲ್ದಾಣದ ಬಳಿ ಉಳಿಯುವುದು ಒಳ್ಳೆಯದು. ಅಲ್ಲಿಂದ ತ್ಸುರುಮಾಯಿ ಮಾರ್ಗದ ಸುರಂಗ ರೈಲು ಅಕಾಇಕೆಯ ಆಚೆ ಮೇಇತೆತ್ಸು ಕಂಪನಿಯ ಹಳಿಯ ಮೇಲೆ ಮುಂದುವರಿದು, ಎಲ್ಲಿಯೂ ಇಳಿದು ಹತ್ತದೆ ಟೊಯೋಟಾಶಿ ನಿಲ್ದಾಣಕ್ಕೆ ಒಯ್ಯುತ್ತದೆ. ಹತ್ತುವಾಗ ಫಲಕದಲ್ಲಿ ಟೊಯೋಟಾಶಿ ಎಂದಿದೆಯೇ ಎಂದು ನೋಡಿಕೊಂಡರಾಯಿತು. ಕೆಲಸ ಕರಿಯಾದಲ್ಲಿಯೋ ಒಕಜಾಕಿಯಲ್ಲಿಯೋ ಇದ್ದರೆ ನಗೋಯಾ ಮುಖ್ಯ ನಿಲ್ದಾಣವೇ ಅನುಕೂಲ, ಏಕೆಂದರೆ ಜೆಆರ್ (ಜಪಾನ್ ರೈಲ್ವೇಸ್) ಮತ್ತು ಮೇಇತೆತ್ಸು ಎರಡರ ವೇಗದ ಗಾಡಿಗಳೂ ಅಲ್ಲಿಂದ ಸಿಗುತ್ತವೆ. ಫುಶಿಮಿಗೂ ಸಕಾಎಗೂ ನಡುವಿನ ನಿಶಿಕಿ ಪ್ರದೇಶದಲ್ಲಿ ಈ ಮೂರೂ ಸರಣಿಗಳ ಶಾಖೆಗಳಿರುವುದರಿಂದ ಹೋಲಿಸಿ ನೋಡುವುದು ಸುಲಭವಾಯಿತು. ನಿಶಿಕಿಯ ಮೂರನೆಯ ವಿಭಾಗ ಮಾತ್ರ ರಾತ್ರಿಯ ಪಾನಗೃಹಗಳ ಬೀದಿ. ಬೇಗ ಮಲಗುವವರು ಎರಡನೆಯ ವಿಭಾಗದ ವಿಳಾಸವನ್ನೇ ಹುಡುಕುವುದು ಮೇಲು.

ತೊಯೊಕೊ ಇನ್ 1986ರಲ್ಲಿ ಟೋಕಿಯೋದ ಕಮಾತಾದಲ್ಲಿ ಶುರುವಾದ ಸರಣಿ. ಇದರ ದೊಡ್ಡ ಗುಣ ಏಕರೂಪತೆ. ಯಾವ ಊರಿನ ಶಾಖೆಗೆ ಹೋದರೂ ಹಾಸಿಗೆ, ಮೇಜು, ದೀಪ, ಕೆಟಲ್ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತವೆ. ದೂರದ ಪ್ರಯಾಣದಿಂದ ಬಂದು ದಣಿದ ರಾತ್ರಿ ಸ್ವಿಚ್ಚನ್ನು ತಡಕಾಡಬೇಕಾಗಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಬಾಡಿಗೆಯೊಳಗೇ ಬೆಳಗಿನ ತಿಂಡಿ ಸೇರಿದೆ. ಆರೂವರೆಗೆ ಕೆಳಗಿನ ಲಾಬಿಯಲ್ಲಿ ತಟ್ಟೆ ಹಿಡಿದ ಸಾಲು ಸಿದ್ಧವಾಗಿರುತ್ತದೆ. ಕಾರ್ಖಾನೆಯ ಮೇಲಂಗಿ ತೊಟ್ಟವರು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು, ಯಾರೂ ಹೆಚ್ಚು ಮಾತಾಡದೆ ಹತ್ತು ನಿಮಿಷದಲ್ಲಿ ತಿಂದು ತಟ್ಟೆಯನ್ನು ತಾವೇ ಒಯ್ದಿಟ್ಟು ಹೊರಡುತ್ತಾರೆ. ಬಿಳಿ ಅನ್ನ, ಬ್ರೆಡ್ಡು, ಎಲೆಕೋಸಿನ ಸಲಾಡ್, ಕಾಫಿ ಇಷ್ಟು ನಂಬಿ ತೆಗೆದುಕೊಳ್ಳಬಹುದಾದವು. ಮಿಸೋ ಸಾರು ನೋಡಲು ಸೊಪ್ಪಿನ ತಿಳಿಸಾರಿನಂತೆ ಕಂಡರೂ ಅದರ ತಳದಲ್ಲಿರುವುದು ಸಾಮಾನ್ಯವಾಗಿ ಒಣಮೀನಿನ ಕಷಾಯ. ಇದು ಈ ಹೋಟೆಲಿಗೆ ಮಾತ್ರ ಸೇರಿದ ವಿಷಯವಲ್ಲ, ಜಪಾನಿನ ಅಡುಗೆಯ ಕ್ರಮವೇ ಹಾಗೆ. ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇದ್ದರೆ ಆ ಬಿಸಿ ಅನ್ನವೇ ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿಯುತ್ತದೆ. ಸದಸ್ಯತ್ವದ ಕಾರ್ಡು ಮಾಡಿಸಿಕೊಂಡವರಿಗೆ ಹತ್ತು ರಾತ್ರಿ ಉಳಿದರೆ ಒಂದು ಸಿಂಗಲ್ ಕೋಣೆಯ ರಾತ್ರಿ ಉಚಿತವಾಗಿ ಸಿಗುತ್ತದೆ. ಮತ್ತೆ ಮತ್ತೆ ಹೋಗುವವರಿಗೆ ಇದು ನಿಜವಾದ ಉಳಿತಾಯ.

ಡಾರ್ಮಿ ಇನ್ ಬೇರೆಯೇ ಬಗೆಯದು. ಇಲ್ಲಿ ಬಾಡಿಗೆ ತೊಯೊಕೊ ಇನ್‌ಗಿಂತ ಸಾಮಾನ್ಯವಾಗಿ ಹೆಚ್ಚು, ತಿಂಡಿಗೆ ಪ್ರತ್ಯೇಕ ಹಣ ಕೊಡಬೇಕು, ಅನೇಕ ಕೋಣೆಗಳಲ್ಲಿ ಸ್ನಾನದ ತೊಟ್ಟಿಯೇ ಇರದೆ ಕೇವಲ ಷವರ್ ಇರುತ್ತದೆ. ಆದರೂ ವಾರಕ್ಕಿಂತ ಹೆಚ್ಚು ಉಳಿಯುವುದಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಕಾರಣ ಅದರ ಸಾಮೂಹಿಕ ಸ್ನಾನಗೃಹ. ಮಧ್ಯಾಹ್ನ ಮೂರಕ್ಕೆ ತೆರೆದರೆ ಮರುದಿನ ಬೆಳಿಗ್ಗೆಯವರೆಗೆ ಬಿಸಿನೀರು ತುಂಬಿರುತ್ತದೆ. ಸೌನಾ ಮಾತ್ರ ನಡುರಾತ್ರಿಯ ನಂತರ ಕೆಲವು ಗಂಟೆ ನಿಲ್ಲುತ್ತದೆ. ಎಂಟು ಗಂಟೆ ಕಾಂಕ್ರೀಟಿನ ನೆಲದ ಮೇಲೆ ನಿಂತು ಕೆಲಸ ನೋಡಿ ಬಂದ ಕಾಲುಗಳಿಗೆ ಆ ನೀರು ಕೊಡುವ ಸುಖ ಮಲೆನಾಡಿನ ಬಚ್ಚಲಿನ ಹಂಡೆನೀರಿನ ಸುಖಕ್ಕೆ ಸಮ. ನಮ್ಮವರಿಗೆ ಇರುವ ಹಿಂಜರಿಕೆ ನನಗೆ ಗೊತ್ತು: ಅಲ್ಲಿ ಬಟ್ಟೆಯಿಲ್ಲದೆ, ಅಪರಿಚಿತರ ನಡುವೆ ಸ್ನಾನ ಮಾಡಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ನಾನಗೃಹಗಳಿವೆ. ಹೆಂಗಸರ ಬಾಗಿಲಿಗೆ ಸಂಕೇತ ಸಂಖ್ಯೆಯ ಬೀಗವೂ ಇರುತ್ತದೆ. ಗೋಡೆಯ ಪಕ್ಕದ ಪುಟ್ಟ ಸ್ಟೂಲಿನ ಮೇಲೆ ಕುಳಿತು ಮೈಯನ್ನು ಸಂಪೂರ್ಣ ತೊಳೆದುಕೊಂಡ ಮೇಲಷ್ಟೇ ತೊಟ್ಟಿಗೆ ಇಳಿಯಬೇಕು, ಕೈವಸ್ತ್ರವನ್ನು ನೀರಿಗೆ ಅದ್ದಬಾರದು. ಇಷ್ಟನ್ನು ಪಾಲಿಸಿದರೆ ಯಾರೂ ಯಾರನ್ನೂ ನೋಡುವುದಿಲ್ಲ. ಸಂಕೋಚ ಹೆಚ್ಚಿರುವವರಿಗೂ ಒಂದು ದಾರಿಯಿದೆ. ಕೋಣೆಯ ಟಿವಿಯನ್ನು ಹಾಕಿದರೆ ಸ್ನಾನಗೃಹದಲ್ಲಿ ಈಗ ಎಷ್ಟು ದಟ್ಟಣೆಯಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ, ಬಟ್ಟೆ ಒಗೆಯುವ ಯಂತ್ರಗಳಲ್ಲಿ ಯಾವುದು ಖಾಲಿಯಿದೆ ಎಂಬುದೂ ಕಾಣುತ್ತದೆ. ಬೆಳಗಿನ ಐದರ ಹೊತ್ತಿಗೆ ಹೋದರೆ ಬಹುಮಟ್ಟಿಗೆ ಒಬ್ಬರೇ ಇರಬಹುದು.

ಹಲವು ಶಾಖೆಗಳಲ್ಲಿ ಒಗೆಯುವ ಯಂತ್ರ ಉಚಿತ, ಒಣಗಿಸುವುದಕ್ಕೆ ಮಾತ್ರ ನಾಣ್ಯ ಹಾಕಬೇಕು. ಇದನ್ನು ಹಗುರವಾಗಿ ಎಣಿಸಬೇಡಿ. ಕೆಲಸದ ಬಟ್ಟೆಯನ್ನು ದಿನ ಬಿಟ್ಟು ದಿನ ಒಗೆಯಬೇಕಾದವರಿಗೆ ಪೆಟ್ಟಿಗೆಯ ಭಾರವೇ ಅರ್ಧ ಇಳಿಯುತ್ತದೆ. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಉಚಿತವಾಗಿ ಕೊಡುವ ಸೋಯಾ ಸಾಸಿನ ರಾಮೆನ್, ಅಂದರೆ ಸಾರಿನಲ್ಲಿ ಮುಳುಗಿದ ನೂಡಲ್ಸ್, ಈ ಸರಣಿಯ ಹೆಗ್ಗುರುತು. ಮಾಂಸಾಹಾರಿಗಳು ಅದಕ್ಕಾಗಿಯೇ ಇಲ್ಲಿಗೆ ಬರುತ್ತಾರೆ, ಸಸ್ಯಾಹಾರಿಗಳಿಗೆ ಅದು ದಕ್ಕುವಂಥದ್ದಲ್ಲ. ಸ್ನಾನಗೃಹದ ಹೊರಗೆ ಇಟ್ಟಿರುವ ಐಸ್‌ಕ್ರೀಮ್ ಕಡ್ಡಿ ನಮ್ಮ ಪಾಲಿಗೆ ಉಳಿಯುತ್ತದೆ.

ಅಪಾ ಇಶಿಕಾವಾ ಪ್ರಾಂತದಲ್ಲಿ ಹುಟ್ಟಿ ಈಗ ಜಪಾನಿನ ದೊಡ್ಡ ನಗರಗಳಲ್ಲೆಲ್ಲ ಕಾಣುವ ಸರಣಿ. ಹೊಸ ಕಟ್ಟಡಗಳಲ್ಲಿ ಸಿಂಗಲ್ ಕೋಣೆ ಸುಮಾರು 11 ಚದರ ಮೀಟರ್ ಇರುತ್ತದೆ. ಅಷ್ಟರಲ್ಲಿಯೇ 140 ಸೆಂಟಿಮೀಟರ್ ಅಗಲದ ಹಾಸಿಗೆ, ಗೋಡೆ ತುಂಬುವ ಟಿವಿ ಮತ್ತು ಕಡಿಮೆ ನೀರು ಸಾಕಾಗುವ ಮೊಟ್ಟೆಯಾಕಾರದ ಸ್ನಾನದ ತೊಟ್ಟಿಯನ್ನು ಅಳವಡಿಸಿದ್ದಾರೆ. ದೀಪ, ಚಾರ್ಜಿಂಗ್ ಎಲ್ಲವೂ ತಲೆದಿಂಬಿನ ಪಕ್ಕದಲ್ಲಿಯೇ ಇವೆ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಬಹುದು. ನಾಲ್ಕು ಗೋಡೆಯ ನಡುವೆ ಮಲಗಿ ಎದ್ದು ಹೋಗುವುದಷ್ಟೇ ಆಗಿದ್ದರೆ ಇದು ಜಾಣತನದಿಂದ ಯೋಚಿಸಿದ ವಿನ್ಯಾಸ. ಕೋಣೆಯಲ್ಲಿ ಕುಳಿತು ವರದಿ ಬರೆಯಬೇಕಾದವರಿಗೂ, ಇಬ್ಬರು ಒಟ್ಟಿಗೆ ಉಳಿಯುವವರಿಗೂ ನಾನು ಇದನ್ನು ಸೂಚಿಸುವುದಿಲ್ಲ. ಬೇಡಿಕೆಗೆ ತಕ್ಕಂತೆ ಬಾಡಿಗೆ ಏರಿಳಿಯುವುದೂ ಇಲ್ಲಿ ಎದ್ದು ಕಾಣುತ್ತದೆ. ಖಾಲಿ ಇರುವ ಭಾನುವಾರ ರಾತ್ರಿ ಮೂರರಲ್ಲಿ ಇದೇ ಅಗ್ಗವಾಗಬಹುದು, ಬೇಡಿಕೆ ಹೆಚ್ಚಿದ ಶನಿವಾರ ಇದೇ ದುಬಾರಿಯಾಗಬಹುದು.

ಮೂರಕ್ಕೂ ಸಾಮಾನ್ಯವಾದ ಕೆಲವು ಸಂಗತಿಗಳಿವೆ. ತೊಟ್ಟಿ ಇರುವ ಕೋಣೆಗಳಲ್ಲಿ ಸ್ನಾನದ ಮನೆ ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಒಂದೇ ಪೆಟ್ಟಿಗೆಯಂಥದ್ದು. 1964ರ ಟೋಕಿಯೋ ಒಲಿಂಪಿಕ್ಸಿಗೆ ಮುನ್ನ ಹೋಟೆಲ್ ನ್ಯೂ ಒಟಾನಿಯನ್ನು ಅವಸರದಲ್ಲಿ ಕಟ್ಟಬೇಕಾದಾಗ ಬಳಕೆಗೆ ಬಂದ ಉಪಾಯವದು. ಅದರ ಹೊಸ್ತಿಲು ಕೋಣೆಯ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಮಂಡಿನೋವಿರುವವರು ಎಚ್ಚರದಿಂದ ಹೆಜ್ಜೆಯಿಡಬೇಕು. ವಿದ್ಯುತ್ತು 100 ವೋಲ್ಟ್, ಪ್ಲಗ್ಗು ಎರಡು ಚಪ್ಪಟೆ ಕಡ್ಡಿಯದು. ಮನೆಯಿಂದ 230 ವೋಲ್ಟಿನ ಪುಟ್ಟ ರೈಸ್ ಕುಕ್ಕರ್ ಒಯ್ಯುವ ಯೋಚನೆಯನ್ನು ಬಿಡುವುದು ಲೇಸು, ಏಕೆಂದರೆ ಕಾಯಿಸುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿದು ಐದನೆಯ ಒಂದು ಪಾಲಿನಷ್ಟೇ ಉಳಿಯುತ್ತದೆ, ಅನ್ನ ಬೇಯುವುದಿಲ್ಲ. ಕೋಣೆಯ ಕೆಟಲ್ಲಿನ ಬಿಸಿನೀರಿಗೆ ತೆಳು ಅವಲಕ್ಕಿ ಸುರಿದು ಗೊಜ್ಜಿನ ಪುಡಿ ಕಲಸಿಕೊಳ್ಳುವುದು ಅದಕ್ಕಿಂತ ನೂರು ಪಾಲು ಮೇಲು. ಬೆಳಗಿನ ತಿಂಡಿಯಿಲ್ಲದ ಬಾಡಿಗೆಯನ್ನು ಆರಿಸಿಕೊಂಡವರಿಗೆ ನಗೋಯಾದ ಕಾಫಿ ಅಂಗಡಿಗಳು ಆಸರೆ. ಒಂದು ಕಾಫಿಯ ಬೆಲೆಗೆ ದಪ್ಪನೆಯ ಟೋಸ್ಟನ್ನೂ ಜೊತೆಗೆ ಕೊಡುವುದು ಆ ಊರಿನ ಹಳೆಯ ರೂಢಿ. ಅದರ ಮೇಲೆ ಸಿಹಿ ಕೆಂಪು ಕಾಳಿನ ಹೂರಣ ಹಚ್ಚಿಸಿಕೊಂಡರೆ ಸಸ್ಯಾಹಾರಿಗೆ ಮೀನಿನ ಭಯವಿಲ್ಲದ ತಿಂಡಿಯಾಗುತ್ತದೆ.

ಕಿಟಕಿಯ ವಿಷಯವನ್ನು ಬುಕ್ಕಿಂಗ್ ಪುಟದ ಚಿತ್ರಗಳು ಹೇಳುವುದಿಲ್ಲ. ಒಂದು ಹೋಟೆಲಿನಲ್ಲಿ ನನ್ನ ಕೋಣೆಯ ಕಿಟಕಿ ಎತ್ತರದ ಹೆದ್ದಾರಿಗೆ ನೇರ ಎದುರಾಗಿತ್ತು, ಲಾರಿಗಳ ಸದ್ದು ಬೆಳಗಿನ ತನಕ ನಿಲ್ಲಲಿಲ್ಲ. ಮರುದಿನ ಕೌಂಟರಿನಲ್ಲಿ ಕೇಳಿಕೊಂಡಾಗ ಒಳಬದಿಯ ಕೋಣೆಯನ್ನು ಕೊಟ್ಟರು. ಬುಕ್ ಮಾಡುವಾಗಲೇ ರಸ್ತೆಗೆ ಬೆನ್ನಾಗಿರುವ ಕೋಣೆ, ಧೂಮಪಾನವಿಲ್ಲದ ಮಹಡಿ ಎಂಬ ಎರಡು ಕೋರಿಕೆಗಳನ್ನು ಬರೆದಿಡುವುದು ಆಗಿನಿಂದ ನನ್ನ ಅಭ್ಯಾಸ.

ಎರಡು ಮೂರು ರಾತ್ರಿಯ ಕೆಲಸವಾದರೆ ತೊಯೊಕೊ ಇನ್ ಸಾಕು, ಅದಕ್ಕಿಂತ ಹೆಚ್ಚು ಖರ್ಚು ಮಾಡಲು ಕಾರಣವಿಲ್ಲ. ದೀರ್ಘ ತರಬೇತಿಗೆ ಕಂಪನಿ ಕೊಡುವ ಭತ್ಯೆ ಒಪ್ಪಿದರೆ ಡಾರ್ಮಿ ಇನ್. ಬಾಡಿಗೆ ಇಳಿದ ದಿನ ಸಿಕ್ಕಿದರೆ ಅಪಾ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಸಾಲು ರಜೆ, ಆಗಸ್ಟ್ ಮಧ್ಯದಲ್ಲಿ ಪಿತೃಗಳನ್ನು ನೆನೆಯುವ ಓಬೋನ್ ಹಬ್ಬ, ನಗೋಯಾ ಡೋಮ್‌ನಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವಿರುವ ವಾರಾಂತ್ಯ ಇವುಗಳಲ್ಲಿ ಮೂರೂ ತುಂಬಿಹೋಗುತ್ತವೆ. ಆಗ ಕನಯಾಮಾದ ಸುತ್ತ ಹುಡುಕಬಹುದು. ಜೆಆರ್, ಮೇಇತೆತ್ಸು, ಸುರಂಗ ರೈಲು ಮೂರೂ ಅಲ್ಲಿ ಕೂಡುತ್ತವೆ, ವಿಮಾನ ನಿಲ್ದಾಣದಿಂದ ಬರುವ ಮ್ಯೂ ಸ್ಕೈ ಗಾಡಿಯೂ ಅಲ್ಲಿ ನಿಲ್ಲುತ್ತದೆ.