ಕುಂಡದ ನೊರಜಿಗೆ ಹಳದಿ ಅಂಟುಹಾಳೆ ಮತ್ತು ಬಿಟಿಐ ದ್ರಾವಣ: ಎರಡು ತಿಂಗಳ ಬಳಕೆಯ ನಂತರ

ಮಳೆಗಾಲ ಹಿಡಿದರೆ ಬೆಂಗಳೂರಿನ ನಮ್ಮ ಬಾಲ್ಕನಿಯ ಕುಂಡಗಳಲ್ಲಿ ಮಣ್ಣು ಒಣಗುವುದೇ ಇಲ್ಲ. ಕೋಕೋಪೀಟ್ ಮತ್ತು ಎರೆಗೊಬ್ಬರ ಬೆರೆಸಿದ ಆ ತೇವದಲ್ಲಿ ಕಳೆದ ಜುಲೈನಲ್ಲಿ ಫಂಗಸ್ ನ್ಯಾಟ್ ಎಂಬ ಕಪ್ಪು ನೊರಜು ಮನೆಮಾಡಿಕೊಂಡಿತು. ನರ್ಸರಿಯೊಂದರಲ್ಲಿ ಹಳದಿ ಅಂಟುಹಾಳೆಗಳ ಕಟ್ಟೊಂದನ್ನು ಕೊಟ್ಟು, ಇದೊಂದೇ ಸಾಕು ಎಂದರು. ಆದರೆ ಇದೊಂದೇ ಸಾಲದು.

ಹಾಗೆಂದು ಹಾಳೆಯದು ತಪ್ಪಲ್ಲ. ಹಳದಿ ಬಣ್ಣಕ್ಕೆ ಮರುಳಾಗುವ ನೊರಜು, ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಸಿಕ್ಕಿಸಿದ ಹಾಳೆಗೆ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಮೊದಲ ಮೂರು ದಿನದಲ್ಲಿ ಒಂದೇ ಹಾಳೆಯಲ್ಲಿ 40ಕ್ಕೂ ಹೆಚ್ಚು ಎಣಿಸಿದೆ. ಆದರೆ ಮೂರು ವಾರ ಕಳೆದರೂ ಎಣಿಕೆ ಇಳಿಯಲಿಲ್ಲ. ಹಾರುವ ನೊರಜು ಬದುಕುವುದು ಸುಮಾರು ಒಂದು ವಾರವಾದರೂ, ಅಷ್ಟರಲ್ಲಿ ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡಬಲ್ಲದು. ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿಗೆ ಒತ್ತಿಟ್ಟು ಎರಡು ದಿನದ ನಂತರ ಮಗುಚಿದಾಗ, ಒಳಗಿನ ಕರುಳೂ ಕಾಣುವಷ್ಟು ತಿಳಿಯಾದ ಮೈಯ, ಕರಿತಲೆಯ ಹುಳುಗಳು ಅದರಡಿ ಹರಿದಾಡುತ್ತಿದ್ದವು. ಬಲಿತ ಗಿಡಗಳು ಇವನ್ನು ತಾಳಿಕೊಳ್ಳುತ್ತವೆ. ಎಳೆಯ ಬೇರಿನ ಸಸಿಗಳಿಗೆ ಅದು ಸಾಧ್ಯವಿಲ್ಲ. ನನ್ನ ಆರು ಮೆಣಸಿನ ಸಸಿಗಳಲ್ಲಿ ನಾಲ್ಕು ಬಾಡಿಹೋದವು. ಒಮ್ಮೆ ಹಲ್ಲಿಮರಿಯೊಂದು ಹಾಳೆಗೆ ಸಿಕ್ಕಿಕೊಂಡಿತು. ಅಡುಗೆ ಎಣ್ಣೆ ಸವರಿ ಬಿಡಿಸಬೇಕಾಯಿತು. ಗೋಡೆಗೆ ತಾಗಿದ ಕುಂಡಗಳಲ್ಲಿ ಹಾಳೆ ಇಡದಿರುವುದೇ ಮೇಲು.

ನಂತರ ಬಿಟಿಐ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್) ದ್ರಾವಣ ತರಿಸಿದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ, ಸೊಳ್ಳೆಮರಿಗಳ ನಿಯಂತ್ರಣಕ್ಕೂ ಬಳಸುವ ಬ್ಯಾಕ್ಟೀರಿಯಾ ಇದರಲ್ಲಿದೆ. ಹುಳು ಅದನ್ನು ತಿಂದಾಗ ಅದರ ಕರುಳಿನ ಕ್ಷಾರಕ್ಕೆ ವಿಷದ ಹರಳು ಕರಗಿ ಕೆಲಸ ಮಾಡುತ್ತದೆ. ಕೊಳ್ಳುವವರು ಡಬ್ಬಿಯ ಮೇಲೆ 'ಇಸ್ರೇಲೆನ್ಸಿಸ್' ಎಂಬ ಹೆಸರಿದೆಯೇ ಎಂದು ಓದಿಕೊಳ್ಳಬೇಕು. ಬರಿಯ 'ಬಿಟಿ' ಎಂದು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಎಲೆ ತಿನ್ನುವ ಕಂಬಳಿಹುಳುಗಳಿಗೆಂದು ಮಾಡಿದ 'ಕುರ್ಸ್ತಾಕಿ' ತಳಿ, ಅದರಿಂದ ನೊರಜಿನ ಮರಿ ಸಾಯುವುದಿಲ್ಲ. ನಾನು ಮೊದಲು ಕೊಂಡದ್ದು ಅದನ್ನೇ, ಹತ್ತು ದಿನ ವ್ಯರ್ಥವಾಯಿತು.

ದ್ರಾವಣ ಮೊಟ್ಟೆಯನ್ನಾಗಲಿ ಹುಳು ನೊರಜಾಗುವ ಮುಂಚಿನ ಕೋಶವನ್ನಾಗಲಿ ಮುಟ್ಟುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ಮಣ್ಣು ನೆನೆಯುವಂತೆ ಸುರಿದೆ. ಜೊತೆಗೆ ಮೇಲಿನ ಒಂದು ಅಂಗುಲ ಮಣ್ಣು ಒಣಗುವವರೆಗೆ ನೀರು ಹಾಕಲಿಲ್ಲ. ಐದನೆಯ ವಾರ ಹಾಳೆಗೆ ಬಿದ್ದದ್ದು ಮೂರೇ ನೊರಜು. ವಾಸನೆ ಅಹಿತಕರವಾಗಿದೆ, ಕುಂಡಕ್ಕೆ ಎಷ್ಟು ಬೆರೆಸಬೇಕೆಂಬ ವಿವರವೂ ಡಬ್ಬಿಯ ಮೇಲಿಲ್ಲ. ಈ ಎರಡು ಕೊರತೆಗಳಿಗಾಗಿ 5ರಲ್ಲಿ 4 ಅಂಕ. ಅಂಟುಹಾಳೆಗೆ 3. ಹೊಸದಾಗಿ ಬಿತ್ತಿದ ಮೆಣಸಿನ ಕುಂಡದಲ್ಲಿ ಒಂದು ಹಾಳೆಯನ್ನು ಎಣಿಕೆಗೆಂದು ಈಗಲೂ ಇಟ್ಟಿದ್ದೇನೆ.